ಲೈಟ್ ಹತ್ತಿತಲ್ಲ, ಇನ್ನೇನು ಅಂತ ಕೇಳಬೇಡಿ

ಒಂದು ವಾರದಿಂದ ಹೊಟ್ಟೆ ಉರಿಯುತ್ತಿದೆ. ಯಾರ ಹತ್ತಿರ ಹೇಳಿದರೂ "ಏನೂ ಆಗಲಿಲ್ಲವಲ್ಲ, ಬಿಡು" ಅನ್ನುತ್ತಾರೆ. ಬಿಡಲು ಆಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕೋಲಾರದಲ್ಲಿ ಅಮ್ಮ ಇರುವುದು ತಾತ ಕಟ್ಟಿಸಿದ ಮನೆಯಲ್ಲಿ. ಮದ್ರಾಸ್ ತಾರಸಿ. ಮರದ ಜಂತೆ, ಅದರ ಮೇಲೆ ಇಟ್ಟಿಗೆ, ಗಾರೆ. ವೈರಿಂಗ್ ಕೂಡ ಆ ಕಾಲದ್ದೇ. ಗೋಡೆ ಉದ್ದಕ್ಕೂ ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಹಿಡಿಸಿದ ಎರಡು ವೈರು. ವರ್ಷ ವರ್ಷ ಸುಣ್ಣ ಬಳಿದು ಪಟ್ಟಿ ಯಾವುದು, ವೈರು ಯಾವುದು ಅಂತಲೇ ಗೊತ್ತಾಗುವುದಿಲ್ಲ. ನಡುಮನೆಯಲ್ಲಿ ಜಂತೆಗೆ ಒಂದು ದುಂಡನೆ ಮರದ ಬ್ಲಾಕ್, ಅದಕ್ಕೆ ಸೀಲಿಂಗ್ ರೋಸ್, ಅಂದರೆ ವೈರು ಜೋಡಿಸುವ ಮುಚ್ಚಳದ ಡಬ್ಬಿ, ಅಲ್ಲಿಂದ ಜೋತುಬಿದ್ದ ಹೋಲ್ಡರ್. ನಾನು ಚಿಕ್ಕವಳಿದ್ದಾಗಿನಿಂದ ಅಲ್ಲಿ 60 ವ್ಯಾಟಿನ ಬಲ್ಬು. ಅಮ್ಮನಿಗೆ ಈಗ 74. ಅಕ್ಕಿಯಲ್ಲಿ ಕಲ್ಲು ಕಾಣಿಸುವುದಿಲ್ಲ, ಬೆಳಕು ಸಾಲದು ಅಂದಳು. ಒಂದು ಒಳ್ಳೆ ಎಲ್‌ಇಡಿ ಫಿಟ್ಟಿಂಗ್ ಹಾಕಿಸೋಣ ಅಂದುಕೊಂಡೆ. ಅಷ್ಟೇ ಕೆಲಸ. ಒಂದು ಲೈಟು ಬದಲಾಯಿಸಬೇಕಿತ್ತು.

ಯಾರೋ ಹೇಳಿ ಕಳಿಸಿದ ಹುಡುಗ ಬಂದ. ಗೋಡೆಯ ಸ್ವಿಚ್ ಆಫ್ ಮಾಡಿ ಏಣಿ ಹತ್ತಿದ. ಮೇನ್ ಆಫ್ ಮಾಡಪ್ಪ ಅಂದೆ. "ಬೇಡ ಅಕ್ಕ, ಸ್ವಿಚ್ ಆಫ್ ಇದೆಯಲ್ಲ" ಅಂದ. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಅವನು ರೋಸಿನ ಮುಚ್ಚಳ ತಿರುಗಿಸಿ ತೆಗೆದಿದ್ದೇ ತಡ, ನನ್ನ ತಲೆ ಮೇಲೆ ಕಪ್ಪಗೆ ಏನೋ ಉದುರಿತು. ಧೂಳು ಅಂದುಕೊಂಡೆ. ಕೈಗೆ ತೆಗೆದುಕೊಂಡು ನೋಡಿದರೆ ವೈರಿನ ರಬ್ಬರು. ಅವನು ವೈರು ಬಗ್ಗಿಸಿದ ಹಾಗೆಲ್ಲ, ಒಣಗಿದ ಹುಣಸೆಹಣ್ಣಿನ ಸಿಪ್ಪೆ ಒಡೆಯುತ್ತಲ್ಲ, ಹಾಗೆ ಪಟಪಟ ಒಡೆದು ಬೀಳುತ್ತಿತ್ತು. ಒಳಗಿನ ತಂತಿ ಬರೀ ಮೈಯಲ್ಲಿ ನಿಂತಿತ್ತು. ಎರಡೂ ವೈರು ಒಂದೇ ಬಣ್ಣ. ಯಾವುದು ಕರೆಂಟ್ ತರುವ ಫೇಸ್, ಯಾವುದು ಅದನ್ನು ವಾಪಸ್ ಒಯ್ಯುವ ನ್ಯೂಟ್ರಲ್ ಅಂತ ನೋಡಿ ಹೇಳುವ ಹಾಗೇ ಇಲ್ಲ.

ಜೇಬಲ್ಲಿ ಟೆಸ್ಟರ್ ಇತ್ತು. ತೆಗೆಯಲಿಲ್ಲ. ನೇರ ಕೈ ಹಾಕಿದ. ಮರುಕ್ಷಣ "ಅಬ್ಬಾ" ಅಂತ ಕೈ ಕೊಡವಿದ. ಏಣಿ ಅಲ್ಲಾಡಿತು, ನನ್ನ ಎದೆ ಧಸಕ್ ಅಂತು. "ಏನಿಲ್ಲ ಅಕ್ಕ, ಸ್ವಲ್ಪ ರಿಟರ್ನ್ ಬರ್ತಿದೆ" ಅಂದ. ಸ್ವಿಚ್ ಆಫ್ ಇದ್ದರೂ ಕರೆಂಟ್ ಹೇಗೆ ಬಂತು? ಅವನು ಅದನ್ನು ಯೋಚಿಸಲೇ ಇಲ್ಲ. ಕೆಲಸ ಮುಂದುವರಿಸಿದ.

ಹೊಸ ಫಿಟ್ಟಿಂಗಿಗೆ ಮೂರು ವೈರು ಇದ್ದವು. ಕೆಂಪು, ಕಪ್ಪು, ಹಸಿರು. ಕಟಿಂಗ್ ಪ್ಲೇಯರ್ ತೆಗೆದು ಹಸಿರು ವೈರನ್ನು ಬುಡದಲ್ಲೇ ಕತ್ತರಿಸಿ ಹಾಕಿದ. ಅದು ಅಮ್ಮನ ಮೊರದ ಪಕ್ಕದಲ್ಲಿ ಬಿತ್ತು. ಯಾಕಪ್ಪಾ ಅಂದರೆ, "ಈ ಮನೆ ಲೈಟ್ ಪಾಯಿಂಟಿಗೆ ಅರ್ತ್ ಇಲ್ಲ ಅಕ್ಕ, ಇದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂದ. ಆ ಫಿಟ್ಟಿಂಗ್ ತಗಡಿನದು. ಒಳಗೆ ಎಲ್ಲಾದರೂ ಫೇಸ್ ಬಾಡಿಗೆ ತಾಗಿದರೆ ಕರೆಂಟನ್ನು ಭೂಮಿಗೆ ಹರಿಸುವುದೇ ಆ ಹಸಿರು ವೈರು. ಅರ್ತ್ ಇಲ್ಲದ ಕಡೆ ತಗಡಿನ ಫಿಟ್ಟಿಂಗ್ ಹಾಕಲೇಬಾರದು, ಪ್ಲಾಸ್ಟಿಕ್‌ದು ತನ್ನಿ ಅನ್ನಬೇಕಿತ್ತು. ಈ ಕೆಲಸ ಮಾಡುವವನಿಗೆ ಇಷ್ಟು ಗೊತ್ತಿರಬೇಡವಾ? ನನಗೆ ಆಗ ಗೊತ್ತಿರಲಿಲ್ಲ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಗೊತ್ತಿರಬೇಕಾದವನು ಅವನು.

ಟೇಪ್ ಸುತ್ತಿದ, ಸ್ಕ್ರೂ ಬಿಗಿದ, ಸ್ವಿಚ್ ಹಾಕಿದ. ಬೆಳಕು ಬಂತು. "ನೋಡಿ ಅಕ್ಕ, ಲೈಟ್ ಹತ್ತಿತಲ್ಲ" ಅಂದು 400 ರೂಪಾಯಿ ತೆಗೆದುಕೊಂಡು ಹೋದ.

ಅವತ್ತು ರಾತ್ರಿ ಅಮ್ಮ ಫೋನ್ ಮಾಡಿದಳು. "ಲೈಟು ಆರಿಸಿದರೂ ಪೂರ್ತಿ ಆರುತ್ತಿಲ್ಲ ಕಣೇ, ಮಿಣಮಿಣ ಅಂತಿದೆ." ನಾನು ಹುಡುಗನಿಗೆ ಫೋನ್ ಮಾಡಿದೆ. "ಎಲ್‌ಇಡಿ ಹಂಗೇ ಅಕ್ಕ, ಏನೂ ಆಗಲ್ಲ." ನಾನೂ ಸುಮ್ಮನಾದೆ. ಅದನ್ನು ನೆನೆದರೆ ಈಗಲೂ ಮೈ ನಡುಗುತ್ತೆ.

ಭಾನುವಾರ ಊರಿಗೆ ಹೋಗಿದ್ದೆವು. ಅಟ್ಟದ ಮೇಲಿನ ಹಿತ್ತಾಳೆ ಕೊಳಗ ತೆಗೆದುಕೊಡಲು ನನ್ನ ಮಗ ಕಬ್ಬಿಣದ ಏಣಿ ಹತ್ತಿದ. ಹಗಲು, ಲೈಟ್ ಆಫ್ ಇತ್ತು. ಬರಿಗಾಲು, ಬೆವರಿದ ಕೈ. ಒಂದು ಕೈ ಏಣಿ ಮೇಲೆ, ಇನ್ನೊಂದು ಕೈಯಲ್ಲಿದ್ದ ಕೊಳಗ ಹೋಗಿ ಫಿಟ್ಟಿಂಗಿಗೆ ತಾಗಿತು. ಅವನು ಕೂಗಲೂ ಇಲ್ಲ. ಕೊಳಗ ಬಿದ್ದ ಸದ್ದು ಕೇಳಿ ನಾನು ಓಡಿ ಬಂದೆ. ಏಣಿಯಿಂದ ಜಾರಿ ಕೆಳಗೆ ಕೂತಿದ್ದ. ತುಟಿ ಬಿಳಿಚಿತ್ತು. ಬಲಗೈ ಬೆರಳು ಮಡಚಲು ಆಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಹುಡುಗ, ಅಜ್ಜಿಯ ತೊಡೆ ಮೇಲೆ ತಲೆ ಇಟ್ಟು ಮಲಗಿಬಿಟ್ಟ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದೆವು, ಸರಿಯಾಗಿದೆ ಅಂದರು. ಆ ಕೊಳಗ ಕೈಜಾರದೆ ಅಲ್ಲೇ ಕಚ್ಚಿಕೊಂಡಿದ್ದರೆ?

ಆಮೇಲೆ ಬಂದವರು ಇನ್ನೊಬ್ಬರು. ವಯಸ್ಸಾದವರು. ಕೆಜಿಎಫ್ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಮನೆಗಳ ವೈರಿಂಗ್ ಕೆಲಸ ಹಿಡಿದವರು. ಒಳಗೆ ಬಂದು ಮೊದಲು ಲೈಟಿನ ಕಡೆ ನೋಡಲೇ ಇಲ್ಲ. ಮೇನ್ ಆಫ್ ಮಾಡಿ ಪಿಂಗಾಣಿ ಫ್ಯೂಸ್ ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡರು. "ಮೇಲೆ ಇರೋವಾಗ ಯಾರೂ ಬಂದು ಹಾಕಬಾರದಮ್ಮ, ಗಣಿಯಲ್ಲಿ ಕಲಿತಿದ್ದು" ಅಂದರು. ಅದೊಂದು ಮಾತಿಗೇ ನನಗೆ ಅಳು ಬಂತು.

ಹೋಲ್ಡರಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ತಂದಿದ್ದರು. ಅದರಲ್ಲಿ ಒಂದೊಂದೇ ಪರೀಕ್ಷೆ ಮಾಡಿ ತೋರಿಸಿದರು. ನಡುಮನೆ ಸ್ವಿಚ್ ಕೂತಿದ್ದದ್ದು ಫೇಸ್ ಮೇಲಲ್ಲ, ನ್ಯೂಟ್ರಲ್ ಮೇಲೆ. ಅಂದರೆ ಸ್ವಿಚ್ ಆಫ್ ಮಾಡಿದರೆ ಲೈಟ್ ಆರುತ್ತೆ, ಆದರೆ ಮೇಲೆ ಫಿಟ್ಟಿಂಗಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತೆ. ಆ ಹುಡುಗನಿಗೆ ಹೊಡೆದದ್ದು ಅದೇ. ಎಲ್‌ಇಡಿ ಮಿಣಮಿಣ ಅಂದದ್ದೂ ಅದಕ್ಕೇ. ಹಳೇ ಬಲ್ಬಿನ ತಂತಿ ಕಾದು ಕೆಂಪಾಗಬೇಕು, ಅಷ್ಟಿಷ್ಟು ಸೋರುವ ಕರೆಂಟಿಗೆ ಹತ್ತುವುದಿಲ್ಲ, ಹಾಗಾಗಿ ಇಷ್ಟು ವರ್ಷ ಗೊತ್ತೇ ಆಗಲಿಲ್ಲ. ಎಲ್‌ಇಡಿಗೆ ಆ ಚೂರು ಸಾಕು. ಅದು ಮೂರು ರಾತ್ರಿ ನಮಗೆ ಎಚ್ಚರಿಕೆ ಕೊಟ್ಟಿತ್ತು. ನಾವು ಕೇಳಲಿಲ್ಲ. ಇನ್ನು ಫಿಟ್ಟಿಂಗ್ ಬಿಚ್ಚಿದರೆ, ರಬ್ಬರು ಉದುರಿದ ಫೇಸ್ ವೈರು ಟೇಪಿನಿಂದ ಆಚೆ ಬಂದು ತಗಡಿಗೆ ಒರಗಿತ್ತು.

ಫ್ಯೂಸನ್ನೂ ತೋರಿಸಿದರು. ಫ್ಯೂಸ್ ವೈರಿನ ಬದಲು ಯಾರೋ ಸುಲಭಕ್ಕೆ ಕರಗದ ದಪ್ಪ ತಾಮ್ರದ ಎಳೆ ಸುತ್ತಿದ್ದರು. ಫೇಸಿಗೂ ಒಂದು ಫ್ಯೂಸ್, ನ್ಯೂಟ್ರಲ್‌ಗೂ ಒಂದು. ನ್ಯೂಟ್ರಲ್ ಫ್ಯೂಸ್ ಹೋದರೆ ಮನೆಯೆಲ್ಲ ಕತ್ತಲು, ಕರೆಂಟ್ ಹೋಯಿತು ಅಂದುಕೊಂಡು ಕೈ ಹಾಕುತ್ತೀರಿ, ವೈರಿನಲ್ಲಿ ಫೇಸ್ ಇದ್ದೇ ಇರುತ್ತೆ.

ಇಡೀ ಮನೆಗೆ ಹೊಸದಾಗಿ ಪೈಪ್ ಎಳೆದು, ಲೈಟಿಗೆ ಒಂದೂವರೆ ಸ್ಕ್ವೇರ್ ಎಂಎಂ ತಾಮ್ರದ ವೈರು, ಪ್ರತಿ ಪಾಯಿಂಟಿಗೂ ಅರ್ತ್, ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ, ಕರೆಂಟ್ ಸೋರಿದರೆ ಕಟ್ ಮಾಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಲೇಬೇಕು ಅಂದರು. ಈ ವೈರನ್ನು ಎಲ್ಲಿ ಮುಟ್ಟಿದರೂ ಅಲ್ಲಿ ಒಡೆಯುತ್ತೆ, ತೇಪೆ ಹಾಕುವ ಕೆಲಸ ನಾನು ಮಾಡಲ್ಲ ಅಂದರು. ಮಾಡಲ್ಲ ಅಂತ ಹೇಳಿದ ಮೊದಲ ಮನುಷ್ಯ ಅವರು.

ಈಗ ಚಿಕ್ಕಪ್ಪನ ವಿಷಯ. ಮನೆ ಇಬ್ಬರ ಹೆಸರಲ್ಲಿದೆ, ಖರ್ಚು ಅರ್ಧ ಅವರದ್ದು. ಫೋನ್ ಮಾಡಿದೆ. "ಐವತ್ತು ವರ್ಷದಿಂದ ಏನೂ ಆಗಿಲ್ಲ, ಈಗ ಏನಾಗುತ್ತಮ್ಮ? ಫ್ಯೂಸ್ ಇದೆಯಲ್ಲ" ಅಂದರು. ಚಿಕ್ಕಪ್ಪ, ಫ್ಯೂಸ್ ಇರುವುದು ವೈರು ಸುಡದೆ ಇರಲಿ ಅಂತ. ಅದು ಕರಗಲು ಎಷ್ಟೋ ಆಂಪಿಯರ್ ಬೇಕು. ಮನುಷ್ಯನ ಜೀವ ಹೋಗಲು ಅದರ ಒಂದು ಚೂರು ಸಾಕು. ಆ 60 ವ್ಯಾಟಿನ ಬಲ್ಬು ಎಳೆಯುತ್ತಿದ್ದ ಕರೆಂಟೇ ಜಾಸ್ತಿ ಆಯಿತು. ಮೈ ಮೇಲೆ ಹರಿಯುವ ಕರೆಂಟನ್ನು ಕಂಡುಹಿಡಿದು ಕಟ್ ಮಾಡುವುದು ಆರ್‌ಸಿಸಿಬಿ, ಅದು ನಮ್ಮ ಮನೆಯಲ್ಲಿ ಇಲ್ಲ. ಇನ್ನು ಐವತ್ತು ವರ್ಷ ಏನೂ ಆಗಿಲ್ಲ ಅಂತೀರಿ. ಆಗಿದೆ. ಐವತ್ತು ವರ್ಷದಿಂದ ಆ ರಬ್ಬರು ದಿನಾ ಒಣಗುತ್ತಾ ಬಂದಿದೆ.

ಸಿಟ್ಟು ಬರುವುದು ಇದಕ್ಕೇ. ಶಿವನಸಮುದ್ರದ ಕರೆಂಟು 1902ರಲ್ಲೇ ನಮ್ಮ ಜಿಲ್ಲೆಯ ಗಣಿಗೆ ಬಂದಿತ್ತು. ಬೆಂಗಳೂರಿಗೆ ಬಂದದ್ದು 1905ರಲ್ಲಿ. ನೂರಿಪ್ಪತ್ತು ವರ್ಷದಿಂದ ಕರೆಂಟಿನ ಜೊತೆ ಬದುಕಿದ ಸೀಮೆ ಇದು. ನೆಲದ ಕೆಳಗೆ ಅಷ್ಟು ಜೋಪಾನವಾಗಿ ಕೆಲಸ ಮಾಡಿದ ಜನ ಇನ್ನೂ ಇಲ್ಲೇ ಇದ್ದಾರೆ. ಅವರ ಹತ್ತಿರ ಕಲಿಯುವವರಿಲ್ಲ, ಅವರನ್ನು ಕೇಳುವವರಿಲ್ಲ. ಪ್ಲೇಯರ್ ಒಂದಿದ್ದರೆ ಎಲೆಕ್ಟ್ರಿಷಿಯನ್. ನಲ್ಲಿ ಕೆಟ್ಟರೆ ನೀರು ಸೋರಿ ಕಾಣಿಸುತ್ತೆ, ಬೈಯುತ್ತೇವೆ. ವೈರಿಂಗ್ ಕೆಟ್ಟರೆ ಏನೂ ಕಾಣಿಸಲ್ಲ, ಲೈಟ್ ಹತ್ತುತ್ತೆ, ದುಡ್ಡು ಕೊಟ್ಟು ಕಳಿಸುತ್ತೇವೆ. ಆ ಹುಡುಗನಿಗೆ ಮತ್ತೆ ಫೋನ್ ಮಾಡಿ ಆದದ್ದನ್ನೆಲ್ಲ ಹೇಳಿದೆ. ನೀನೇ ಮೊದಲು ಹೋಗುತ್ತೀಯ ಕಣಪ್ಪ, ಮೇನ್ ತೆಗೆಯದೆ ಇನ್ನೊಂದು ಮನೆಯಲ್ಲಿ ಕೈ ಹಾಕಬೇಡ ಅಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಹಳೇ ಮನೆ ಅಲ್ವಾ ಅಕ್ಕ" ಅಂದ.

ಹಳೇ ಮನೆಯಲ್ಲಿ ಎಲ್‌ಇಡಿ ಹಾಕಿಸಿ, ರಾತ್ರಿ ಆಫ್ ಮಾಡಿದ ಮೇಲೂ ಮಿಣುಕುತ್ತಿದ್ದರೆ "ಎಲ್‌ಇಡಿ ಹಂಗೇ" ಅನ್ನುವ ಮಾತು ನಂಬಬೇಡಿ. ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪ ಇದ್ದರೂ ಕೆಲವು ಸಲ ಹಾಗಾಗುತ್ತೆ, ನಿಜ. ಆದರೆ ಸ್ವಿಚ್ ಯಾವ ವೈರಿನ ಮೇಲೆ ಕೂತಿದೆ ಅಂತ ತಿಳಿದವರಿಂದ ನೋಡಿಸಿ. ನೀವೇ ಮೇಲೆ ಹತ್ತಬೇಡಿ.

ನಮ್ಮ ಮನೆಯ ಲೈಟುಗಳ ಫ್ಯೂಸ್ ಎರಡನ್ನೂ ಕಿತ್ತು ತಂದಿದ್ದೇನೆ. ಅಮ್ಮ ಸದ್ಯ ನನ್ನ ಜೊತೆಗೇ ಇದ್ದಾಳೆ. ಚಿಕ್ಕಪ್ಪ ನಿನ್ನೆ ಮನೆಗೆ ಹೋಗಿ ನೋಡಿ, ಕತ್ತಲಲ್ಲಿ ಬೀಗ ಹುಡುಕಬೇಕಾಯಿತು, ಫ್ಯೂಸ್ ಎಲ್ಲಿಟ್ಟಿದ್ದೀಯ ಅಂತ ಫೋನ್ ಮಾಡಿ ಕೂಗಾಡಿದರು. ನನ್ನ ಬ್ಯಾಗಿನಲ್ಲಿದೆ. ಹೊಸ ವೈರು ಎಳೆಯುವ ತನಕ ಕೊಡುವುದಿಲ್ಲ.