ಪೊಟ್ಟಣ ಇಷ್ಟು ದೊಡ್ಡದು, ಅಕ್ಷರ ಯಾಕೆ ಇಷ್ಟು ಚಿಕ್ಕದು?

ನಿನ್ನೆ ಮನೆಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯ ಅಕ್ಕಂದಿರು ಬಂದಿದ್ದರು. ಪ್ಲಾಸ್ಟಿಕ್ ಚೀಲ ಕೊಡುವಾಗ ನೋಡಿದೆ, ಹಾಲಿನ ಪ್ಯಾಕೆಟಿಗಿಂತ ಅಪ್ಪನ ಮದ್ದಿನ ಕಸವೇ ಜಾಸ್ತಿ. ಖಾಲಿ ಸ್ಟ್ರಿಪ್‌ಗಳು, ಟಾನಿಕ್ ಬಾಟಲಿ, ಮುಚ್ಚಳದ ಮೇಲೆ ಕೂತು ಬರುವ ಅಳತೆಯ ಕಪ್. ಪ್ರತಿ ಬಾಟಲಿಗೂ ಒಂದು ಹೊಸ ಕಪ್. ಮನೆಯಲ್ಲಿ ಈಗ ಹನ್ನೊಂದು ಇವೆ.

ಅಪ್ಪನಿಗೆ ಎಪ್ಪತ್ತಾರು ವರ್ಷ. ಬಿಪಿ, ಶುಗರ್ ಎರಡೂ ಇದೆ. ಬೆಳಿಗ್ಗೆಯ ಒಂದು ಗುಳಿಗೆ ಉದ್ದಿನ ಕಾಳಿನಷ್ಟೇ ಇದೆ. ಅದರ ಸ್ಟ್ರಿಪ್ ನನ್ನ ಅಂಗೈ ತುಂಬುತ್ತದೆ. ತೇವ ತಾಗದ ಹಾಗೆ ಮುಚ್ಚಬೇಕು, ನಿಜ. ನಮ್ಮ ಕಾಸರಗೋಡಿನ ಬದಿಯಡ್ಕದ ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಆದರೆ ಒಂದು ಗುಳಿಗೆಗೂ ಇನ್ನೊಂದಕ್ಕೂ ನಡುವೆ ಅಷ್ಟು ಜಾಗ ಯಾಕೆ?

ಅಷ್ಟು ಜಾಗ ಇದ್ದೂ ಅಪ್ಪನಿಗೆ ಓದಲು ಒಂದಕ್ಷರ ಇಲ್ಲ. ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ. ಕಂಪನಿ ಇಟ್ಟ ಹೆಸರು ಮಾತ್ರ ಮತ್ತೆ ಮತ್ತೆ ಅಚ್ಚಾಗಿರುತ್ತದೆ. ಅವಧಿ ಮುಗಿಯುವ ತಾರೀಕು ಒಂದೇ ತುದಿಯಲ್ಲಿ, ಬೆಳ್ಳಿ ಬಣ್ಣದ ಹಾಳೆಯ ಮೇಲೆ ಒತ್ತಿದ ಗುರುತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಕಳೆದ ಆಟಿಯಲ್ಲಿ ಮೆಡಿಕಲ್‌ನವರು ಶುಗರಿನ ನಾಲ್ಕು ಗುಳಿಗೆ ಕತ್ತರಿಸಿ ಕೊಟ್ಟರು. ತಾರೀಕು, ಹೆಸರಿನ ಅರ್ಧ, ಎರಡೂ ಅಂಗಡಿಯಲ್ಲೇ ಉಳಿಯಿತು. ಅಪ್ಪ ಅದನ್ನು ಹೊಟ್ಟೆಯ ಗುಳಿಗೆ ಅಂದುಕೊಂಡು ಶುಗರಿನದ್ದನ್ನು ಎರಡು ಸಲ ತೆಗೆದುಕೊಂಡರು. ಮಧ್ಯಾಹ್ನ ಮೈಯೆಲ್ಲಾ ಬೆವರು, ಕೈ ನಡುಕ. ಬೆಲ್ಲದ ನೀರು ಕುಡಿಸಿ ಆಸ್ಪತ್ರೆಗೆ ಓಡಿದೆವು. ಆ ಅರ್ಧ ಗಂಟೆ ನಾನು ಮರೆಯುವುದಿಲ್ಲ.

2023ರ ಆಗಸ್ಟಿನಿಂದ 300 ಬ್ರಾಂಡಿನ ಮದ್ದುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಅಪ್ಪನ ಹತ್ತಿರ ಇರುವುದು ಬಟನ್ ಫೋನು.

ಜಾಹೀರಾತಿನ ಕಥೆಯೂ ಹೀಗೇ. ಹೇಳಬೇಕಾದದ್ದು ಸಣ್ಣ ಅಕ್ಷರದಲ್ಲಿ, ಮಾರಬೇಕಾದದ್ದು ದೊಡ್ಡ ಅಕ್ಷರದಲ್ಲಿ. ಮಕ್ಕಳಿಗೆ ಭೇದಿಯಾದಾಗ ಕೊಡುವ ಓಆರ್‌ಎಸ್ ನೋಡಿ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) ಹೇಳಿದ ಲೆಕ್ಕದಲ್ಲಿ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಇನ್ನೆರಡು ಲವಣ. ಒಟ್ಟು 20.5 ಗ್ರಾಂ ಪುಡಿ, ಒಂದು ಸಣ್ಣ ಪೊಟ್ಟಣ. ಅದರ ಪಕ್ಕದಲ್ಲೇ ಹಣ್ಣಿನ ಚಿತ್ರ ಹಾಕಿ, ಸ್ಟ್ರಾ ಅಂಟಿಸಿ, ಹೆಸರಿನಲ್ಲಿ ಓಆರ್‌ಎಸ್ ಸೇರಿಸಿದ ಸಿಹಿ ಪಾನೀಯದ ಡಬ್ಬಿಗಳು ಇರುತ್ತಿದ್ದವು. ಸಕ್ಕರೆ ಇದಕ್ಕಿಂತ ಎಷ್ಟೋ ಜಾಸ್ತಿ. ಭೇದಿಯಾದ ಮಗುವಿಗೆ ಅಷ್ಟು ಸಕ್ಕರೆ ಕೊಟ್ಟರೆ ಕರುಳು ಇನ್ನಷ್ಟು ನೀರು ಎಳೆದುಕೊಂಡು ಭೇದಿ ಹೆಚ್ಚಬಹುದು. 2022ರಲ್ಲಿ ಸರಕಾರದ ಆಹಾರ ಸುರಕ್ಷತಾ ಪ್ರಾಧಿಕಾರ ಹೀಗೆ ಹೆಸರಿನಲ್ಲಿ ಓಆರ್‌ಎಸ್ ಸೇರಿಸಲು ಒಪ್ಪಿತ್ತು. ‘ಇದು ಡಬ್ಲ್ಯುಎಚ್‌ಒ ಹೇಳಿದ ಓಆರ್‌ಎಸ್ ಅಲ್ಲ’ ಅಂತ ಬರೆದರೆ ಸಾಕಿತ್ತು. ಅಳುವ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಬಂದ ತಾಯಿ ಅದನ್ನು ಓದುತ್ತಾಳಾ? ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ಹಿಂದೆ ಬಿದ್ದರು. ಕೊನೆಗೆ 2025ರ ಅಕ್ಟೋಬರಿನಲ್ಲಿ ಆ ಒಪ್ಪಿಗೆ ರದ್ದಾಯಿತು. ಅವರಿಗೆ ಕೈಮುಗಿಯುತ್ತೇನೆ.

ಇನ್ನು ಆ ಖಾಲಿ ಸ್ಟ್ರಿಪ್ ಎಲ್ಲಿಗೆ ಹೋಗುತ್ತದೆ? ಹೆಚ್ಚಿನವು ಪಿವಿಸಿ ಪ್ಲಾಸ್ಟಿಕಿಗೆ ಅಲ್ಯೂಮಿನಿಯಂ ಅಂಟಿಸಿದ್ದು. ಎರಡನ್ನೂ ಬಿಡಿಸುವುದು ಕಷ್ಟ, ಗುಜರಿಯವರಿಗೂ ಬೇಡ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆಗೆ ಬೀಳುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆ ವಿಷ, ಅದೇ ಬಚ್ಚಲಲ್ಲಿ ಮಕ್ಕಳು ಮೀಯುತ್ತಾರೆ. ಹರಿತ ಕರ್ಮಸೇನೆಯ ಚೀಲಕ್ಕೇ ಹಾಕಿ. ಆದರೆ ಕಂಪನಿ ಮಾಡಿದ ಕಸವನ್ನು ಹೊರಲು ದುಡ್ಡು ಕೊಡುವುದು ನಾವು, ಹೊರುವುದು ಆ ಅಕ್ಕಂದಿರು. ಇದು ನನಗೆ ಸರಿ ಕಾಣುವುದಿಲ್ಲ.

ಮೆಡಿಕಲ್‌ನವರಲ್ಲಿ ಒಂದು ವಿನಂತಿ. ಕತ್ತರಿಸಿ ಕೊಡುವಾಗ ಹೆಸರು, ತಾರೀಕು ಎರಡನ್ನೂ ಕವರಿನ ಮೇಲೆ ಬರೆದು ಕೊಡಿ. ಒಂದು ನಿಮಿಷದ ಕೆಲಸ. ನಾನಂತೂ ಈಗ ಪ್ರತಿ ಸ್ಟ್ರಿಪ್ಪಿನ ಹಿಂದೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ: ‘ಶುಗರ್, ಬೆಳಿಗ್ಗೆ, ಒಂದೇ’. ಅಪ್ಪ ಅದನ್ನು ಗಟ್ಟಿಯಾಗಿ ಓದಿಯೇ ಗುಳಿಗೆ ತೆಗೆಯುತ್ತಾರೆ.