60 ಲೀಟರಿಗೆ ಕ್ಯಾನಿಸ್ಟರ್ ಯಾಕೆ?

ಮನೆಯಲ್ಲಿ ಹವಳ ಸಾಕುವ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಸರ್. ಆದರೆ 60 ಲೀಟರಿನ ಹವಳದ ತೊಟ್ಟಿಗೂ (ಹವಳ, ಮೀನು ಸಾಕುವ ಉಪ್ಪುನೀರಿನ ಅಕ್ವೇರಿಯಂಗೂ) ಕ್ಯಾನಿಸ್ಟರ್ ಫಿಲ್ಟರ್, ಅಂದರೆ ತೊಟ್ಟಿಯ ಹೊರಗಿಡುವ ಡಬ್ಬದಂಥ ಫಿಲ್ಟರ್, ಬೇಕೇ ಬೇಕು ಅಂದಿದ್ದೀರಲ್ಲ, ಅಲ್ಲಿ ನನ್ನ ತಕರಾರು. ಗೋಲ್ಡ್‌ಫಿಷ್ ಸಾಕಿದ ಅಭ್ಯಾಸಬಲದಿಂದ ನಾನೂ ಅದನ್ನೇ ಹಾಕಿದ್ದೆ. ಮುಚ್ಚಿದ ಡಬ್ಬ, ಬಿಚ್ಚಲು ಸೋಮಾರಿತನ. ಎರಡು ತಿಂಗಳಾದ ಮೇಲೆ ತೆಗೆದರೆ ಸ್ಪಂಜಿನ ತುಂಬ ಮೀನಿಗೆ ಹಾಕಿದ ಆಹಾರ ಕೊಳೆತು ಕೂತಿತ್ತು! ನೀರಿನಲ್ಲಿ ನೈಟ್ರೇಟ್ (ಪಾಚಿಗೆ ಗೊಬ್ಬರವಾಗುವ ಲವಣ) ಏರುತ್ತಲೇ ಇತ್ತು, ಕಲ್ಲಿನ ಮೇಲೆಲ್ಲ ಪಾಚಿ.

ಅಸಲಿ ಫಿಲ್ಟರ್ ಅಂದರೆ ತೊಟ್ಟಿಯೊಳಗೆ ಇಡುವ ತೂತು ತೂತಾದ ಆ ಕಲ್ಲೇ. ಅದರ ಮೇಲ್ಮೈಯ ಬ್ಯಾಕ್ಟೀರಿಯಾ ಮೀನಿನ ಕೊಳೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುತ್ತವೆ. ಆಮ್ಲಜನಕ ತಲುಪದ ಒಳಭಾಗದಲ್ಲಿ ಒಂದಿಷ್ಟು ನೈಟ್ರೇಟ್ ಸಾರಜನಕವಾಗಿ ಹೊರಟುಹೋಗುತ್ತದೆ. ಒಣಕಲ್ಲು ಪಳಗಲು, ಅಂದರೆ ಅದರಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು, ವಾರಗಟ್ಟಲೆ ಬೇಕು, ಅಲ್ಲಿಯವರೆಗೆ ಮೀನು ಬಿಡಬೇಡಿ. (ನೇತ್ರಾಣಿ ದ್ವೀಪದ ಕಡೆಯ ಹವಳ ತಂದುಕೊಡ್ತೀನಿ ಅನ್ನುವವರು ಸಿಕ್ಕರೆ ದೂರವೇ ಇರಿ. ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲೇ.)

ಗುಳ್ಳೆ ಎಬ್ಬಿಸಿ ನೀರು ತಿಳಿಮಾಡುವ ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನ ಒಳ್ಳೆಯದೇ. ಉಪ್ಪುನೀರಿನ ಸಣ್ಣ ಗುಳ್ಳೆಗಳಿಗೆ ಕೊಳೆ ಅಂಟಿಕೊಂಡು, ಕೊಳೆಯುವ ಮೊದಲೇ ನೊರೆಯಾಗಿ ಹೊರಬರುತ್ತದೆ. ಆದರೆ ಇಷ್ಟು ಸಣ್ಣ ತೊಟ್ಟಿಗೆ, ಎರಡೇ ಮೀನಿಗೆ, ಆ ದುಡ್ಡಲ್ಲಿ ತೊಟ್ಟಿಯ ನೀರಿಗೆ ಬೆರೆಸುವ ಒಳ್ಳೆಯ ಅಕ್ವೇರಿಯಂ ಉಪ್ಪು ಕೊಳ್ಳಿ. ನನ್ನ ಬಳಿ ಈಗಿರುವುದು ತೊಟ್ಟಿಯ ಬೆನ್ನಿಗೆ ನೇತುಹಾಕುವ ಸಣ್ಣ ಫಿಲ್ಟರ್, ಮೂರು ದಿನಕ್ಕೊಮ್ಮೆ ಬದಲಿಸುವ ಹತ್ತಿ, ಅದರೊಳಗೆ ಇಡುವ ಒಂದು ಪುಟ್ಟ ಚೀಲ ಫಿಲ್ಟರ್ ಇದ್ದಿಲು. ವಾರಕ್ಕೊಮ್ಮೆ 7 ಲೀಟರ್ ನೀರು ಬದಲು, ಅಷ್ಟೇ.

ಇನ್ನೊಂದು, ಆವಿಯಾಗಿ ಇಳಿದ ನೀರಿನ ಜಾಗಕ್ಕೆ ಉಪ್ಪುನೀರು ಸುರಿಯಬೇಡಿ. ಉಪ್ಪು ಆವಿಯಾಗುವುದಿಲ್ಲ, ಬರೀ ಆರ್‌ಒ ನೀರು ಸಾಕು.