"ಬೆನ್ನುನೋವು ಮೊದಲೇ ಇತ್ತು ಎಂದರೆ ಸರಿ"

ಈ ಸಾಲು ನಮ್ಮ ಚಿಕ್ಕಪ್ಪನ ಸಾಕ್ಷಿ ಹೇಳಿಕೆಯ ಎರಡನೇ ಪುಟದಲ್ಲಿದೆ. ಅದರ ಕೆಳಗೆ ಅವರ ಸಹಿ, ಅಕ್ಷರ ಸೊಟ್ಟಸೊಟ್ಟ. ನಾಲ್ಕು ದಿನದಿಂದ ಅದೇ ಹಾಳೆ ನೋಡುತ್ತಿದ್ದೇನೆ.

ಚಿಕ್ಕಪ್ಪ ಹಾವೇರಿ ಕಡೆ ಲಾರಿ ಹಮಾಲಿ. ಮೂವತ್ತು ವರ್ಷ ಚೀಲ ಹೊತ್ತವರು. ಬೀಳುವಾಗ ಅವರಿಗೆ ಐವತ್ತು ವರ್ಷ. ಅವತ್ತು ಸಂಜೆ ಸಣ್ಣ ಮಳೆ ಬಂದು ಹಲಗೆ ಒದ್ದೆಯಾಗಿತ್ತು. ಅರವತ್ತು ಕೆಜಿ ಮೆಕ್ಕೆಜೋಳದ ಚೀಲ ಹೊತ್ತು ಲಾರಿ ಹತ್ತುವಾಗ ಕಾಲು ಜಾರಿತು. ಚೀಲದ ಸಮೇತ ಕೆಳಗೆ ಬಿದ್ದರು. ಅವತ್ತಿನಿಂದ ಎಡಗಾಲು ಜೋಮು. ಬಚ್ಚಲಿಗೆ ಹೋಗೋಕೂ ಗೋಡೆ ಹಿಡಿಯಬೇಕು.

ಲಾರಿಗೆ ವಿಮೆ ಇತ್ತು. ಪರಿಹಾರಕ್ಕೆ ಅರ್ಜಿ ಹಾಕಿದೆವು. ಪಾಟಿ ಸವಾಲಿನಲ್ಲಿ ವಿಮೆಯವರ ವಕೀಲರು ತುಂಬಾ ಮೆತ್ತಗೆ ಕೇಳಿದರು, "ನಿಮಗೆ ಮೊದಲೇ ಬೆನ್ನುನೋವು ಇತ್ತಲ್ವಾ?" ಚಿಕ್ಕಪ್ಪ ಅಂದರು, "ಇತ್ರೀ ಸಾಹೇಬ್ರ." ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಹಮಾಲಿಗೆ ಬೆನ್ನುನೋವು ಇರದೆ ಇನ್ನೇನು ಇರುತ್ತದೆ? ರಾತ್ರಿ ಚಿಕ್ಕಮ್ಮ ಮುಲಾಮು ತಿಕ್ಕುತ್ತಿದ್ದರು, ಬೆಳಿಗ್ಗೆ ಇವರು ಎದ್ದು ಮತ್ತೆ ಲೋಡಿಗೆ ಹೋಗುತ್ತಿದ್ದರು. ಆದರೆ ಆ ಎರಡನೇ ಮಾತನ್ನು ಯಾರೂ ಕೇಳಲಿಲ್ಲ. "ಆ ನೋವು ಇಟ್ಟುಕೊಂಡೇ ಬಿದ್ದ ದಿನ ಬೆಳಿಗ್ಗೆ ಎಷ್ಟು ಚೀಲ ಹೊತ್ತಿದ್ದಿ?" ಎಂದು ಕೇಳಿದ್ದರೆ ನೂರಕ್ಕಿಂತ ಜಾಸ್ತಿ ಅಂತ ಉತ್ತರ ಬರುತ್ತಿತ್ತು. ಕೇಳದ ಪ್ರಶ್ನೆಗೆ ಹಾಳೆಯಲ್ಲಿ ಜಾಗ ಇಲ್ಲ.

ಜೊತೆಗೆ ಎಂಆರ್‌ಐ ವರದಿ. ಅದರಲ್ಲಿ "ಡಿಜೆನರೇಟಿವ್ ಚೇಂಜಸ್" ಅಂತ ಇದೆ. ಅಂದರೆ ಬೆನ್ನುಮೂಳೆಯ ನಡುವಿನ ಡಿಸ್ಕ್ ಒಣಗಿ ಸವೆದಿದೆ ಅಂತ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನ್‌ನಲ್ಲೂ ನಡುವಯಸ್ಸಿಗೆ ಇದು ಕಾಣುತ್ತದೆ. ವಿಮೆಯವರು ಈ ಎರಡು ಪದ ಹಿಡಿದುಕೊಂಡು "ಇದು ವಯಸ್ಸಿನ ಕಾಯಿಲೆ, ಬಿದ್ದದ್ದರಿಂದ ಆಗಿದ್ದಲ್ಲ" ಅನ್ನುತ್ತಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಆ ಬೆನ್ನನ್ನು ಸವೆಸಿದ್ದೇ ಈ ಕೆಲಸ. ಸವೆದ ಬೆನ್ನು ಕೊನೆಗೆ ಮುರಿದಾಗ, ಸವೆದಿತ್ತು ಅನ್ನುವುದನ್ನೇ ಮುಂದೆ ಮಾಡಿ ದುಡ್ಡು ಇಲ್ಲ ಅಂದರೆ ಹೇಗೆ?

ಕಾನೂನು ಹೀಗೆ ಹೇಳುವುದೇ ಇಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಕೇಳುವುದು, ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದ ಅಪಘಾತ ಆಯಿತಾ ಅಂತ. ಕಾರ್ಮಿಕ ಗಟ್ಟಿಮುಟ್ಟಾಗಿ ಇರಬೇಕಿತ್ತು ಅಂತ ಎಲ್ಲೂ ಬರೆದಿಲ್ಲ. ಬಾಂಬೆ ಪೋರ್ಟ್ ಟ್ರಸ್ಟ್‌ನ ಒಬ್ಬ ಕಾವಲುಗಾರನ ಕೇಸು ಇದೆ, 1950ರ ದಶಕದ್ದು. ಮೊದಲೇ ಹೃದಯದ ಕಾಯಿಲೆ ಇದ್ದವನು. ರಾತ್ರಿ ಪಾಳಿಯಲ್ಲಿ ಎದೆನೋವು ಬಂದು ತೀರಿಹೋದ. ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಪೀಠ ಅವತ್ತೇ ಹೇಳಿತು: ಕಾಯಿಲೆಯ ಜೊತೆ ಕೆಲಸವೂ ಒಂದು ಕಾರಣ ಆಗಿದ್ದರೆ, ಕೆಲಸದಿಂದ ಸಾವು ಬೇಗ ಬಂದಿದ್ದರೆ, ಮಾಲೀಕರು ಪರಿಹಾರ ಕೊಡಲೇಬೇಕು.

ಹಾಗಂತ ಎಲ್ಲರೂ ಗೆಲ್ಲುವುದಿಲ್ಲ. 2006ರಲ್ಲಿ, ತೀರಿಹೋದ ನೆಲ್ಲೂರಿನ ಒಬ್ಬ ಕಾರ್ಮಿಕನ ಹೆಂಡತಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಗಂಡನಿಗೆ ಮೊದಲೇ ಕಾಯಿಲೆಯ ಚಿಕಿತ್ಸೆ ನಡೆದಿತ್ತು. ಕೆಲಸ ಬರೀ ಸ್ವಿಚ್ ಹಾಕಿ ತೆಗೆಯುವುದು, ಅದರಲ್ಲಿ ಒತ್ತಡ ಇರಲಿಲ್ಲ ಅಂತ ಡಾಕ್ಟರ್ ಹೇಳಿದ್ದರು. 2012ರಲ್ಲಿ ಇನ್ನೊಂದು ಕೇಸು. ದೆಹಲಿಯಿಂದ ಸಾವಿರ ಕಿಲೋಮೀಟರಿಗೂ ಜಾಸ್ತಿ ಲಾರಿ ಓಡಿಸಿದ ಚಾಲಕ, ಮೈ ಹುಷಾರಿಲ್ಲ ಅನಿಸಿ ಗಾಡಿ ಪಕ್ಕಕ್ಕೆ ಹಾಕಿದ. ಆಮೇಲೆ ಬದುಕಲಿಲ್ಲ. ಅವನ ಮನೆಯವರಿಗೆ ಅದೇ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕೆಲಸದ ಭಾರ ಎಷ್ಟಿತ್ತು ಅನ್ನುವುದು ದಾಖಲೆಗೆ ಬಂತೋ ಇಲ್ಲವೋ, ಎಲ್ಲಾ ನಿಂತಿದ್ದು ಅದರ ಮೇಲೆ.

ಇನ್ನು, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತು ಅಂತ ಡಾಕ್ಟರ್ ಬರೆಯುವ ಒಂದು ಅಂಕಿಯೂ ಅಷ್ಟೇ ದೊಡ್ಡದು. ಕೈ ಕಾಲು ತುಂಡಾದರೆ ಕಾಯ್ದೆಯ ಪಟ್ಟಿಯಲ್ಲೇ ಶೇಕಡಾ ಲೆಕ್ಕ ಇದೆ. ಬೆನ್ನು ಆ ಪಟ್ಟಿಯಲ್ಲಿ ಇಲ್ಲ. ಡಾಕ್ಟರೇ ಅಂದಾಜು ಮಾಡಬೇಕು. ಚಿಕ್ಕಪ್ಪನ ಲೆಕ್ಕ ಹೀಗಿದೆ. ಎಷ್ಟೇ ಜಾಸ್ತಿ ದುಡಿದಿದ್ದರೂ ಸಂಬಳ ತಿಂಗಳಿಗೆ 15,000ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಅದು ಮಿತಿ. ಅದರ ಶೇಕಡಾ 60 ಅಂದರೆ 9,000. ಅದನ್ನು ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸುತ್ತಾರೆ, ಐವತ್ತಕ್ಕೆ ಅದು 153.09. ದುಡಿಯುವ ಶಕ್ತಿ ಶೇಕಡಾ 30 ಹೋಗಿದೆ ಅಂತ ಬರೆದರೆ ನಾಲ್ಕು ಲಕ್ಷದ ಮೇಲೆ. "ಹಳೇ ಕಾಯಿಲೆ ಕಳೆದು" ಶೇಕಡಾ 10 ಅಂದರೆ ಒಂದು ಲಕ್ಷದ ಮೂವತ್ತೆಂಟು ಸಾವಿರವೂ ಪೂರ್ತಿ ಆಗಲ್ಲ. ಚೀಲ ಹೊರೋದು ಬಿಟ್ಟು ಬೇರೆ ಕೆಲಸ ಗೊತ್ತಿಲ್ಲದವರಿಗೆ ಹೋಗಿರುವುದು ಶೇಕಡಾ 10 ಮಾತ್ರವಾ? 1975ರಲ್ಲೇ ಸುಪ್ರೀಂ ಕೋರ್ಟ್, ಎಡಗೈ ಕಳೆದುಕೊಂಡ ಬಡಗಿಗೆ ಇದು ಪೂರ್ತಿ ನಷ್ಟ ಅಂತ ಹೇಳಿದೆ. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ ಅಂತ.

2025ರ ನವೆಂಬರ್ 21ರಿಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹಳೇ ಕಾಯ್ದೆ ಅದರೊಳಗೆ ಸೇರಿದೆ. ಮೂಲ ಪ್ರಶ್ನೆ ಅದೇ ಉಳಿದಿದೆ, ಹಾಗಾಗಿ ಈ ಜಗಳವೂ ಉಳಿಯುತ್ತದೆ.

ನಿಮ್ಮ ಮನೆಯಲ್ಲಿ ಇಂಥ ಕೇಸು ಇದ್ದರೆ ಹಳೇ ನೋವನ್ನು ದಯವಿಟ್ಟು ಮುಚ್ಚಿಡಬೇಡಿ. ಡಾಕ್ಟರ ಹಳೇ ಚೀಟಿ ಎಲ್ಲಿಂದಲಾದರೂ ಹೊರಗೆ ಬರುತ್ತದೆ, ಆಮೇಲೆ ನಿಜ ಹೇಳಿದರೂ ಯಾರೂ ನಂಬುವುದಿಲ್ಲ. "ಇತ್ತು, ಆದರೂ ಬಿದ್ದ ದಿನದವರೆಗೆ ದುಡಿಯುತ್ತಿದ್ದೆ" ಅಂತ ಪೂರ್ತಿ ಹೇಳಿ. ಆಸ್ಪತ್ರೆಗೆ ಸೇರಿಸುವಾಗಲೇ ಎಲ್ಲಿ, ಏನು ಮಾಡುವಾಗ ಬಿದ್ದದ್ದು ಅಂತ ಬರೆಸಿ. ನಾವು ಅವತ್ತು ಗಾಬರಿಯಲ್ಲಿ "ಬಿದ್ದರು" ಅಂತ ಮಾತ್ರ ಬರೆಸಿದ್ದೆವು. ಲೋಡಿನ ಚೀಟಿ, ಕೂಲಿ ಬರೆದಿಟ್ಟ ಡೈರಿ, ಏನಿದ್ದರೂ ಎಸೆಯಬೇಡಿ.

ಮುಂದಿನ ತಾರೀಖು ಡಾಕ್ಟರ್ ಸಾಕ್ಷಿ. ನಿನ್ನೆ ರಾತ್ರಿ ನಮ್ಮ ವಕೀಲರ ಜೊತೆ ಕೂತು ಪ್ರಶ್ನೆಗಳನ್ನು ಬರೆದೆವು. ಚಿಕ್ಕಪ್ಪ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ ಕೇಳುತ್ತಿದ್ದರು. ಮೊದಲ ಪ್ರಶ್ನೆ ಹೀಗಿದೆ: "ಡಾಕ್ಟ್ರೇ, ಈ ಮನುಷ್ಯ ಅವತ್ತು ಹಲಗೆಯಿಂದ ಬೀಳದೇ ಇದ್ದಿದ್ದರೆ, ಮರುದಿನ ಬೆಳಿಗ್ಗೆ ಲೋಡಿಗೆ ಹೋಗುತ್ತಿದ್ದರಾ?"